ಗುಂಡಿಲ್ಲದ ಗುರಿ

ಒಂದು ಭಾನುವಾರ ಹುಬ್ಬಳ್ಳಿಯ ವಿದ್ಯಾನಗರದಿಂದ ಪರಿಚಯದ ಗೃಹಸ್ಥರೊಬ್ಬರು ಧಾರವಾಡದ ನಮ್ಮ ಮನೆಗೆ ಬಂದರು. ಚಹಾ ಮುಗಿಯುವವರೆಗೂ ವಿಷಯಕ್ಕೆ ಬರಲಿಲ್ಲ. ಕಪ್ಪು ಕೆಳಗಿಟ್ಟ ಮೇಲೆ ದನಿ ತಗ್ಗಿಸಿ ಹೇಳಿದರು:

‘ಸರ, ನಮ್ಮ ಹುಡಿಗಿಗೆ ಏನಾಗೇತಿ ಒಂದೂ ತಿಳಿವಲ್ದು. ಖಾಲಿ ಪಿಸ್ತೂಲ ಹಿಡಕೊಂಡು ಅರ್ಧಾ ತಾಸ ಗ್ವಾಡಿ ನೋಡ್ಕೋತ ನಿಂದರ್ತಾಳ್ರಿ. ಗ್ವಾಡಿ ಮ್ಯಾಲೆ ಏನೂ ಇಲ್ಲ. ನಮ್ಮ ಮನಿಯಾಕಿ ಹೆದರ್ಯಾಳ.’

ಮಗಳು ಪಿಯುಸಿ ಮೊದಲ ವರ್ಷ. ಎರಡು ವರ್ಷದಿಂದ 10 ಮೀಟರ್ ಏರ್ ಪಿಸ್ತೂಲ್ ಕಲಿಯುತ್ತಿದ್ದಾಳೆ. ಸ್ಪರ್ಧೆ ಎರಡು ತಿಂಗಳಿದೆ, ಆದರೆ ಅವಳ ಪಿಸ್ತೂಲಿಗೆ ಹೊಂದುವ ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, ಅಂಗಡಿಯಲ್ಲಿ ಇಲ್ಲ. ‘ಬಂದ ಕೂಡಲೇ ಹೇಳ್ತೇವಿ’ ಎಂಬ ಉತ್ತರವನ್ನೇ ತಂದೆ ಮೂರು ವಾರದಿಂದ ಕೇಳುತ್ತಿದ್ದಾರೆ. ಅವರ ನಿಜವಾದ ಪ್ರಶ್ನೆ ಆಮೇಲೆ ಬಂತು: ‘ಗುಂಡೇ ಇಲ್ಲಂದ್ರ ಇದನ್ನ ಬಿಡಿಸಿ ಓದಾಕ ಹಚ್ಚಲೇನ್ರಿ?’

ಹುಡುಗಿಗೆ ಏನೂ ಆಗಿಲ್ಲ, ಅವಳು ಮಾಡುತ್ತಿರುವುದು ಸರಿಯಾಗಿಯೇ ಇದೆ ಎಂದೆ. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಇಂಥ ಸಂಶಯ ಇನ್ನೂ ಕೆಲವು ಮನೆಗಳಲ್ಲಿ ಇದ್ದೀತು ಎಂದು ಈ ವಾರ ಇದನ್ನೇ ಬರೆಯುತ್ತಿದ್ದೇನೆ.

ಮೊದಲು ಗುಂಡಿನ ಲೆಕ್ಕ. ಸ್ಪರ್ಧೆಯಲ್ಲಿ 75 ನಿಮಿಷದಲ್ಲಿ 60 ಗುಂಡು ಹೊಡೆಯಬೇಕು. ಅದಕ್ಕೆ ಮುಂಚೆ ಕೈ ಕುದುರಿಸಿಕೊಳ್ಳಲು ಇನ್ನೊಂದಿಷ್ಟು. ದಿನಕ್ಕೆ 80 ಎಂದು ಹಿಡಿದರೆ 500 ಗುಂಡಿನ ಡಬ್ಬಿ ಒಂದು ವಾರ ಬಾಳುವುದಿಲ್ಲ. ಸ್ಪರ್ಧೆಗೆ ತಕ್ಕ ಒಳ್ಳೆಯ ಪೆಲೆಟ್‌ಗಳಲ್ಲಿ ಹೆಚ್ಚಿನವು ಜರ್ಮನಿ, ಝೆಕ್ ದೇಶಗಳಿಂದ ಬರಬೇಕು. .22 ರೈಫಲ್ಲಿನ ಕಾಡತೂಸಿನ ಕಥೆಯೂ ಅದೇ; ಅದರ ಹೆಸರಾಂತ ತಯಾರಕರು ಇಂಗ್ಲೆಂಡ್, ಜರ್ಮನಿಯಲ್ಲಿದ್ದಾರೆ. ಹೊಡೆದಾದ ಮೇಲೆ ಆ ಕಾಡತೂಸಿನ ಕೋಶಕ್ಕೆ ಮತ್ತೆ ಮದ್ದು ತುಂಬಿ ಬಳಸಲು ಬರುವುದಿಲ್ಲ. ಹಡಗು ತಡವಾದರೆ, ಕಾಗದಪತ್ರ ಎಲ್ಲೋ ಕುಳಿತರೆ, ದೂರದಲ್ಲಿ ಯುದ್ಧವಾದರೆ, ಅದರ ಬಿಸಿ ಹುಬ್ಬಳ್ಳಿಯ ಹುಡುಗಿಗೂ ತಟ್ಟುತ್ತದೆ. 2020ರ ಲಾಕ್‌ಡೌನ್‌ನಲ್ಲಂತೂ ರೇಂಜ್‌ಗಳೇ ಮುಚ್ಚಿ, ದೇಶದ ದೊಡ್ಡ ದೊಡ್ಡ ಶೂಟರ್‌ಗಳೆಲ್ಲ ಮನೆಯ ಗೋಡೆಯ ಮುಂದೆ ಖಾಲಿ ಬಂದೂಕು ಹಿಡಿದು ನಿಂತಿದ್ದರು.

ನಮ್ಮ ಕಾಲದಲ್ಲಿ ಗುಂಡಿನ ಬಡತನ ಇನ್ನೂ ದೊಡ್ಡದು. ಧಾರವಾಡದಲ್ಲಿ ನಾನು ಎನ್‌ಸಿಸಿ ಕೆಡೆಟ್ ಆಗಿದ್ದಾಗ ವರ್ಷಕ್ಕೊಮ್ಮೆ ಫೈರಿಂಗ್, ತಲೆಗೆ ಐದು ಗುಂಡು. ಆ ಐದಕ್ಕಾಗಿ ಉಸ್ತಾದರು ನಮ್ಮನ್ನು ತಿಂಗಳುಗಟ್ಟಲೆ ನೆಲದ ಮೇಲೆ ಮಲಗಿಸಿ ಖಾಲಿ ರೈಫಲ್ಲಿನಲ್ಲಿ ಶಿಸ್ತು ಹಿಡಿಸುತ್ತಿದ್ದರು. ನಳಿಗೆಯ ಮೇಲೆ ನಾಣ್ಯ ಇಡುವುದು, ಕುದುರೆ ಒತ್ತುವುದು, ನಾಣ್ಯ ಬಿದ್ದರೆ ಮತ್ತೆ ಮೊದಲಿನಿಂದ. ಹೊಡೆದ ಮೇಲೆ ಖಾಲಿ ಖೋಕಾಗಳನ್ನು ಎಣಿಸಿ ಒಪ್ಪಿಸಬೇಕು. ಒಮ್ಮೆ ಒಂದು ಕಡಿಮೆ ಬಿದ್ದು, ನಲವತ್ತು ಹುಡುಗರು ಸಂಜೆಯವರೆಗೆ ಹುಲ್ಲಿನಲ್ಲಿ ತಡಕಾಡಿದೆವು. ಕೊನೆಗೆ ಅದು ಸಿಕ್ಕಿದ್ದು ನನ್ನ ಬೂಟಿನೊಳಗೆ. ಆ ಮಾತು ಇರಲಿ.

ಖಾಲಿ ಪಿಸ್ತೂಲಿನಿಂದ ಏನು ಕಲಿಯಲು ಸಾಧ್ಯ? ಗಣಿತದ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಿ. ಏರ್ ಪಿಸ್ತೂಲಿನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಸುಮಾರು 33 ಸೆಂಟಿಮೀಟರ್ ಅಂತರ. ಗುರಿ ಇರುವುದು 10 ಮೀಟರ್ ದೂರದಲ್ಲಿ, ಅಂದರೆ ಸುಮಾರು 30 ಪಟ್ಟು. ಕುದುರೆ ಒತ್ತುವ ಕ್ಷಣದಲ್ಲಿ ಬೆರಳು ತುಸು ಜಗ್ಗಿ ಮುಂದಿನ ಸೈಟು ಒಂದೇ ಒಂದು ಮಿಲಿಮೀಟರ್ ಸರಿದರೆ, ಗುಂಡು 30 ಮಿಲಿಮೀಟರ್ ಆಚೆ ಬೀಳುತ್ತದೆ. ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿಲಿಮೀಟರ್ ಮಾತ್ರ. ಹತ್ತು ಆಗಬೇಕಾದದ್ದು ಏಳು ಆಗಿ ಕೂಡುತ್ತದೆ. ಈ ತಪ್ಪು ಗುಂಡಿನದೂ ಅಲ್ಲ, ಗುರಿಹಲಗೆಯದೂ ಅಲ್ಲ. ಅದು ಬೆರಳಿನ ತಪ್ಪು, ಬೆರಳನ್ನು ತಿದ್ದಲು ಗುಂಡು ಬೇಕಿಲ್ಲ. ಬದಲಿಗೆ ಗುಂಡು ಹಾರಿದಾಗ ಪಿಸ್ತೂಲು ಅದುರಿ, ಕಣ್ಣು ಗುರಿಯ ಕಡೆ ಓಡಿ, ಈ ಒಂದು ಮಿಲಿಮೀಟರ್ ಮುಚ್ಚಿಹೋಗುತ್ತದೆ. ಖಾಲಿ ಪಿಸ್ತೂಲಿನಲ್ಲಿ ‘ಟಕ್’ ಎಂದಾಗ ಸೈಟು ಕದಲಿತೋ ಇಲ್ಲವೋ ಸ್ಪಷ್ಟವಾಗಿ ಕಾಣುತ್ತದೆ.

ಬೋಳು ಗೋಡೆಯ ಗುಟ್ಟೂ ಇದೇ. ಕಪ್ಪು ಚುಕ್ಕೆ ಇದ್ದರೆ ಕಣ್ಣು ಅದಕ್ಕೆ ಅಂಟಿಕೊಳ್ಳುತ್ತದೆ. ಚುಕ್ಕೆ ಇಲ್ಲದಿದ್ದರೆ ನೋಡಲು ಮುಂದಿನ ಸೈಟೊಂದೇ ಉಳಿಯುತ್ತದೆ. ಪಿಸ್ತೂಲಿನವರು ನೋಡಬೇಕಾದದ್ದೂ ಅದನ್ನೇ.

ಹತ್ತು ದಿನ ಗೋಡೆಯ ಪಾಠವಾದ ಮೇಲೆ ಚುಕ್ಕೆ ಅಂಟಿಸಬಹುದು. ನಮ್ಮ ಮನೆಗಳಲ್ಲಿ 10 ಮೀಟರ್ ಉದ್ದದ ಪಡಸಾಲೆ ಎಲ್ಲಿಂದ ಬರಬೇಕು? ಐದು ಮೀಟರ್ ಇದ್ದರೆ ಚುಕ್ಕೆಯನ್ನೂ ಅರ್ಧ ಮಾಡಿದರಾಯಿತು. ನಿಜವಾದ ಗುರಿಯ ಕಪ್ಪು ಭಾಗ 59.5 ಮಿಲಿಮೀಟರ್. ಐದು ಮೀಟರಿಗೆ ಸುಮಾರು 30 ಮಿಲಿಮೀಟರ್ ಸಾಕು, ಅಂದರೆ ಹತ್ತು ರೂಪಾಯಿಯ ನಾಣ್ಯಕ್ಕಿಂತ ತುಸು ದೊಡ್ಡದು. ಎತ್ತರವನ್ನು ಮಾತ್ರ ಹೆಚ್ಚಿನವರು ಮರೆಯುತ್ತಾರೆ. ರೇಂಜಿನಲ್ಲಿ ಗುರಿಯ ನಡು ನೆಲದಿಂದ 1.4 ಮೀಟರ್ ಮೇಲಿರುತ್ತದೆ. ಹುಡುಗಿಯ ಕಣ್ಣು 1.5 ಮೀಟರ್ ಎತ್ತರದಲ್ಲಿದ್ದರೆ, ಅರ್ಧ ದಾರಿಯಲ್ಲಿ ಚುಕ್ಕೆ 1.45 ಮೀಟರಿನಲ್ಲಿ ಬರಬೇಕು. ಇಲ್ಲದಿದ್ದರೆ ಮನೆಯಲ್ಲಿ ಕಲಿತ ತೋಳಿನ ಎತ್ತರ ರೇಂಜಿನಲ್ಲಿ ಕೈ ಕೊಡುತ್ತದೆ. ದಿನಕ್ಕೆ ಇಪ್ಪತ್ತೈದು ಮೂವತ್ತು ನಿಮಿಷ ಸಾಕು. ತೋಳು ದಣಿದ ಮೇಲೆ ಮಾಡಿದ್ದು ತಪ್ಪನ್ನೇ ಗಟ್ಟಿ ಮಾಡುತ್ತದೆ.

ಇದೇನು ಹೊಸ ವಿದ್ಯೆಯಲ್ಲ. ಅಮೆರಿಕದ ನೆಬ್ರಾಸ್ಕಾದಲ್ಲಿ ಆಕ್ಸ್‌ಟೆಲ್ ಎಂಬ ಸಣ್ಣ ಊರಿನ ಗ್ಯಾರಿ ಆ್ಯಂಡರ್ಸನ್ ಹುಡುಗನಿದ್ದಾಗ ಬೇಕಾದಷ್ಟು ಕಾಡತೂಸು ಕೊಳ್ಳಲು ಹಣವಿರಲಿಲ್ಲ. ಖಾಲಿ ರೈಫಲ್ಲಿನಲ್ಲೇ ಗಂಟೆಗಟ್ಟಲೆ ಅಭ್ಯಾಸ ಮಾಡಿದ. 1964ರ ಟೋಕಿಯೊ, 1968ರ ಮೆಕ್ಸಿಕೊ, ಎರಡೂ ಒಲಿಂಪಿಕ್ಸ್‌ಗಳಲ್ಲಿ 300 ಮೀಟರ್ ರೈಫಲ್ ಚಿನ್ನ ಅವನದಾಯಿತು. ಅಷ್ಟು ದೂರ ಯಾಕೆ, ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಇದ್ದಾರೆ. 2022ರಲ್ಲಿ ಫ್ರಾನ್ಸಿನ ಶಾತೋರೂದಲ್ಲಿ ನಡೆದ ಪ್ಯಾರಾ ಶೂಟಿಂಗ್ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದರು, 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೂ ಹೋದರು. ಅವರ ವಿಭಾಗದವರಿಗೆ ರೈಫಲ್ಲಿನ ಭಾರವನ್ನು ತೋಳಿನಲ್ಲಿ ಹೊರಲು ಆಗುವುದಿಲ್ಲ, ಭಾರವನ್ನು ಒಂದು ಸ್ಟ್ಯಾಂಡ್ ಹೊರುತ್ತದೆ. ಉಸಿರು, ಕಣ್ಣು, ಬೆರಳು ಮಾತ್ರ ಅವರವೇ. ಈ ಆಟದಲ್ಲಿ ಯಾವುದು ಮುಖ್ಯ ಎಂದು ಕೇಳುವ ಮಕ್ಕಳಿಗೆ ನಾನು ಅವರ ಹೆಸರು ಹೇಳುತ್ತೇನೆ.

ಇನ್ನು ಪಾಲಕರಿಗೆ ಒಂದು ಖಡಕ್ ಮಾತು. ಮನೆಯ ಅಭ್ಯಾಸವೆಂದರೆ ಖಾಲಿ ಅಭ್ಯಾಸ, ಗುಂಡು ಹೊಡೆಯುವುದಲ್ಲ. ನನಗೆ ಗೊತ್ತಿರುವ ಮನೆಯೊಂದರಲ್ಲಿ ‘ಖಾಲೀನೇ ಐತಿ’ ಎಂದುಕೊಂಡ ಏರ್ ಪಿಸ್ತೂಲು ಗೋಡೆ ಗಡಿಯಾರದ ಗಾಜು ಒಡೆಯಿತು. ಅದರ ಕೆಳಗೆ ಅಜ್ಜಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಅಂದಿನಿಂದ ನಾನು ಹೇಳುವುದು ಇಷ್ಟು: ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿ, ಬೀಗದೊಳಗೆ ಇರಲಿ. ಅಭ್ಯಾಸಕ್ಕೆ ಮುಂಚೆ ನಳಿಗೆ ಖಾಲಿ ಇದೆಯೆಂದು ಹುಡುಗಿ ನೋಡಲಿ, ಮನೆಯ ದೊಡ್ಡವರೊಬ್ಬರೂ ನೋಡಲಿ. ಗುರಿಯ ಗೋಡೆ ಇಟ್ಟಿಗೆ ಗೋಡೆಯಾಗಿರಲಿ, ಅಲ್ಲಿ ಬಾಗಿಲು, ಕಿಟಕಿ ಬೇಡ. ಆ ಅರ್ಧ ಗಂಟೆ ಆ ದಿಕ್ಕಿನಲ್ಲಿ ಯಾರೂ ಓಡಾಡಬಾರದು.

ಸಾಮಾನಿನ ಜೋಪಾನವೂ ಮುಖ್ಯ. ಸ್ಪರ್ಧೆಯ ಏರ್ ಪಿಸ್ತೂಲುಗಳಲ್ಲಿ ಹೆಚ್ಚಿನವಕ್ಕೆ ಖಾಲಿ ಅಭ್ಯಾಸಕ್ಕೆಂದೇ ಒಂದು ವ್ಯವಸ್ಥೆ ಇರುತ್ತದೆ, ಅದರಲ್ಲಿ ಗಾಳಿಯೂ ಖರ್ಚಾಗುವುದಿಲ್ಲ. ಸ್ಪ್ರಿಂಗಿನ ಏರ್ ಗನ್ ಮಾತ್ರ ಪೆಲೆಟ್ ಇಲ್ಲದೆ ಹೊಡೆಯಬೇಡಿ, ಒಳಗಿನ ಪಿಸ್ಟನ್ ಬಡಿದು ಹಾಳಾಗುತ್ತದೆ. .22 ರೈಫಲ್ಲಿನಲ್ಲಿಯೂ ಬರಿ ಕೋಣೆಗೆ ಸೂಜಿ ಬಡಿಯಬಾರದು. ಅಭ್ಯಾಸಕ್ಕೆಂದೇ ಮಾಡಿದ ಹುಸಿ ಕಾಡತೂಸು ಹಾಕಬೇಕು, ತರಬೇತಿದಾರರನ್ನು ಕೇಳಿಯೇ ಹಾಕಬೇಕು. ಕಾನೂನಿನ ವಿಷಯವನ್ನೂ ತಿಳಿದುಕೊಳ್ಳಿ: 20 ಜೂಲ್ ಮೀರದ .177 ಏರ್ ಗನ್ನಿಗೆ 2016ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ, .22 ರೈಫಲ್ಲಿಗೆ ಬೇಕೇ ಬೇಕು. ಹತಾರದ ಕಾಯ್ದೆ ಎಂದರೆ 1857ರ ಹಲಗಲಿಯ ಬೇಡರನ್ನು ನೆನೆಯುವ ಸೀಮೆ ನಮ್ಮದು. ಆದರೆ ಅದು ಬೇರೆ ಲಾವಣಿ, ಈ ಕಾಯ್ದೆಯನ್ನು ಪಾಲಿಸಿರಿ.

ಖಾಲಿ ಅಭ್ಯಾಸವೇ ಎಲ್ಲ ಎಂದು ನಾನು ಹೇಳಲಾರೆ. ಪಕ್ಕದವನ ಗುಂಡಿನ ಸದ್ದು, ಗಡಿಯಾರದ ಒತ್ತಡ, ಒಂದು ಎಂಟು ಬಿದ್ದ ಮೇಲಿನ ಎದೆಬಡಿತ ಮನೆಯ ಗೋಡೆ ಕಲಿಸುವುದಿಲ್ಲ. ಆದ್ದರಿಂದ ಉಳಿದಿರುವ ಪೆಲೆಟ್‌ಗಳನ್ನು ಜಿಪುಣನ ಹಣದಂತೆ ಬಳಸಬೇಕು. ವಾರಕ್ಕೆರಡು ಸಲ ರೇಂಜಿಗೆ ಹೋಗಿ ಇಪ್ಪತ್ತೇ ಹೊಡೆಯುವುದು, ಪ್ರತಿ ಗುಂಡು ಎಲ್ಲಿ ಬಿದ್ದಿರಬೇಕು ಎಂದು ನೋಡುವ ಮೊದಲೇ ವಹಿಯಲ್ಲಿ ಬರೆಯುವುದು. ಬರೆದದ್ದೂ ಬಿದ್ದದ್ದೂ ಕೂಡಿ ಬಂದರೆ ಕಣ್ಣು ಸುಳ್ಳು ಹೇಳುತ್ತಿಲ್ಲ.

ಇಷ್ಟನ್ನೂ ಆ ತಂದೆಗೆ ಹೇಳಿ, ಕೊನೆಗೆ ಕೇಳಿದೆ: ‘ಓದು ಹೆಂಗ ನಡದೈತ್ರಿ?’

‘ಓದು ಚೊಲೋನ ಐತ್ರಿ. ಗುಂಡಿನ ರೊಕ್ಕ ಕೇಳಾಕ ಸಂಕೋಚ ಪಡತಾಳ, ಅದ ನನಗ ಬ್ಯಾಸರ.’

ಖಾಲಿ ಪಿಸ್ತೂಲು ಹಿಡಿದು ನಿಂತದ್ದು ಅಪ್ಪನ ಕಿಸೆ ನೋಡಿ ಎಂಬುದು ನನಗೆ ಆಗ ಹೊಳೆಯಿತು. ಅವರಿಗೆ ಮೊದಲೇ ಗೊತ್ತಿತ್ತು. ಹಾಗಾದರೆ ದಿನಾ ಸಂಜೆ ನಳಿಗೆ ಖಾಲಿ ಇದೆಯೆಂದು ನೋಡುವ ಕೆಲಸ ನಿಮ್ಮದೇ ಇರಲಿ ಎಂದೆ.

ಮೊನ್ನೆ ಫೋನ್ ಮಾಡಿದ್ದರು. ಪೆಲೆಟ್ ಬಂದಿವೆಯಂತೆ. ಮೊದಲ ದಿನ ಎಷ್ಟು ಹೊಡೆದಳು ಎಂದು ಕೇಳಿದೆ. ‘ಇಪ್ಪತ್ತರಿ. ಉಳದದ್ದು ಎಣಿಸಿ ನನ್ನ ಕಡೆ ಕೊಟ್ಟಾಳ, ತಿಜೋರಿ ಕೀಲಿ ಈಗ ನನ್ನ ಕಡೆ ಐತಿ’ ಎಂದರು. ಚುಕ್ಕೆ ಎಷ್ಟು ಎತ್ತರಕ್ಕೆ ಅಂಟಿಸಿದ್ದೀರಿ ಎಂದಾಗ, ಟೇಪು ಹಿಡಿದು ಮತ್ತೊಮ್ಮೆ ಅಳೆದು ಹೇಳುತ್ತೇನೆಂದು ಫೋನ್ ಇಟ್ಟರು.