ಹಾಳೂರಿಗೆ ಉಳಿದವನೇ ಗೌಡ

ನಮ್ಮ ಶಾಲೆಯ ಬಾಲಕನೊಬ್ಬನು ನಾಲ್ಕು ದಿನ ತರಗತಿಗೆ ಬರಲಿಲ್ಲ. ವಿಚಾರಿಸಲಾಗಿ, ನೆಗಡಿಗೆಂದು ಮನೆಯಲ್ಲಿ ಉಳಿದಿದ್ದ ಆಂಟಿಬಯಾಟಿಕ್ ಮಾತ್ರೆಗಳನ್ನು ನುಂಗಿಸಿದರೆಂದೂ ಬಳಿಕ ಭೇದಿ ಹಿಡಿಯಿತೆಂದೂ ತಿಳಿಯಿತು. “ರೋಗಾಣುವನ್ನು ಕೊಲ್ಲುವ ಔಷಧಿಯಿಂದಲೇ ರೋಗ ಬರುವುದುಂಟೆ, ಮಾಸ್ತರೇ?” ಎಂದು ಅವನ ತಂದೆಯವರು ಕೇಳಿದರು.

ವಾಚಕರೇ, ಈ ಪ್ರಶ್ನೆಗೆ ವಿಜ್ಞಾನಿಗಳು ಉತ್ತರ ಕಂಡುಕೊಂಡದ್ದು ಇಲಿಗಳಿಂದ.

ನಮ್ಮ ಕರುಳಿನಲ್ಲಿ ಕೋಟ್ಯನುಕೋಟಿ ಬ್ಯಾಕ್ಟೀರಿಯಗಳು ನೆಲಸಿವೆ. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಹೊರಗಿನಿಂದ ಬರುವ ರೋಗಾಣುಗಳಿಗೆ ಎಡೆಗೊಡದ ಕಾವಲುಗಾರರು. ಈ ಕಾವಲಿನ ಬಲವನ್ನು ಅಳೆದವರು ಷಿಕಾಗೊ ವಿಶ್ವವಿದ್ಯಾನಿಲಯದ ಮಾರ್ಜೊರಿ ಬೊನ್‌ಹಾಫ್ ಮತ್ತು ಸಿ. ಫಿಲಿಪ್ ಮಿಲ್ಲರ್. 1950 ಮತ್ತು 60ರ ದಶಕಗಳ ಅವರ ಪ್ರಯೋಗಗಳಲ್ಲಿ, ಆರೋಗ್ಯವಂತ ಇಲಿಗಳಿಗೆ ಸೋಂಕು ತಗಲಲು ಸುಮಾರು 1,00,000 ಸಾಲ್ಮೊನೆಲ್ಲ ರೋಗಾಣುಗಳು ಬೇಕಾದುವು. ಸ್ಟ್ರೆಪ್ಟೊಮೈಸಿನ್ ಕುಡಿಸಿದ ಇಲಿಗಳಿಗೋ, ಹತ್ತು ಕೂಡ ಬೇಕಾಗಲಿಲ್ಲ! ಕರುಳಿನ ಬ್ಯಾಕ್ಟೀರಿಯಗಳು ಉತ್ಪಾದಿಸುವ ಆಮ್ಲಗಳು ರೋಗಾಣುವನ್ನು ತಡೆಯುತ್ತಿದ್ದುವು. ಔಷಧಿಯು ಆ ಬ್ಯಾಕ್ಟೀರಿಯಗಳನ್ನೇ ಅಳಿಸಿತ್ತು.

ಇನ್ನು ಕೆಲವು ರೋಗಾಣುಗಳು ಸಮಯಸಾಧಕಗಳು. ಕಾವಲಿರುವಾಗ ಮುದುಡಿಕೊಂಡಿದ್ದು, ಕಾವಲು ತಪ್ಪಿದೊಡನೆ ತಲೆಯೆತ್ತುತ್ತವೆ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಅಂಥದೊಂದು. 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಲಿಗಳಿಗೆ ಮೊದಲು ಹಲವು ಆಂಟಿಬಯಾಟಿಕ್‌ಗಳನ್ನು ಕೊಟ್ಟು, ಅನಂತರ ಈ ರೋಗಾಣುವನ್ನು ಉಣಿಸಿದರು. ಅವು ಭೇದಿಯಿಂದ ಬಳಲಿ ತೂಕ ಕಳೆದುಕೊಂಡುವು. ಹಾಳೂರಿಗೆ ಉಳಿದವನೇ ಗೌಡನಲ್ಲವೆ?

ಇಲಿಯೇ ಏಕೆ? ಒಂದೇ ವಂಶದ, ಒಂದೇ ಆಹಾರ ತಿನ್ನುವ ಇಲಿಗಳಲ್ಲಿ ಔಷಧಿಯೊಂದನ್ನೇ ಬದಲಿಸಿ ಫಲವನ್ನು ಹೋಲಿಸಬಹುದು. ಮನುಷ್ಯರಿಗೆ ಹೀಗೆ ರೋಗವಿಕ್ಕಿ ನೋಡುವುದು ಸಲ್ಲದು. ಆದರೂ ಇಲಿಯು ಮನುಷ್ಯನಲ್ಲ. ಇಲಿಯಲ್ಲಿ ಕಂಡದ್ದನ್ನು ರೋಗಿಗಳಲ್ಲಿ ಪರಿಶೀಲಿಸಿಯೇ ಒಪ್ಪಬೇಕು. ಈ ಸಂಗತಿಯಲ್ಲಿ ವೈದ್ಯರ ಅನುಭವವೂ ಅದನ್ನೇ ಹೇಳುತ್ತದೆ.

ಭೇದಿಯೆಲ್ಲವೂ ಔಷಧಿಯಿಂದಲೇ ಬರುವುದಲ್ಲ. ಆಂಟಿಬಯಾಟಿಕ್ ಶತ್ರುವೂ ಅಲ್ಲ. ವೈದ್ಯರು ವಿಧಿಸಿದಾಗ ಅವರು ಹೇಳಿದಷ್ಟು ದಿನ ತಪ್ಪದೆ ಸೇವಿಸಿರಿ. ಆದರೆ ವೈರಸ್ಸಿನಿಂದ ಬರುವ ನೆಗಡಿಗೆ ಅದು ನಿಷ್ಪ್ರಯೋಜಕ. ಔಷಧಿಯ ನಡುವೆ ಇಲ್ಲವೆ ಅನಂತರ ಭೇದಿ ಹೆಚ್ಚಿದರೆ, ಮಲದಲ್ಲಿ ರಕ್ತ ಕಂಡರೆ, ತಡಮಾಡದೆ ವೈದ್ಯರಲ್ಲಿಗೆ ಹೋಗಿರಿ.

ಬಾಲಕನು ಈಗ ಗುಣಮುಖನಾಗಿ ಶಾಲೆಗೆ ಬರುತ್ತಿದ್ದಾನೆ. ಆ ಮೂಕಪ್ರಾಣಿಗಳು ಪ್ರಾಣವಿತ್ತು ಕಲಿಸಿದ ಪಾಠವನ್ನು ನಾವು ಮರೆತರೆ, ಅವುಗಳ ಋಣ ತೀರುವುದೆಂತು?