‘ಬಿಲ್ ಬೇಡ’ ಅನ್ನುವವರೇ ಗುಜರಿ ಕೆಡಿಸಿದವರು

ಜಿಪ್ಸಿಗೆ ಗೇರ್‌ಬಾಕ್ಸ್ ಬೇಕು. ಎಸ್ಟೀಮ್‌ಗೆ ಹೆಡ್ ಬೇಕು. ಹಳೇ ಹೋಂಡಾ ಸಿಟಿಗೆ ವಿ-ಟೆಕ್ ಎಂಜಿನ್ನೇ ಬೇಕು. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಗ್ಯಾರೇಜುಗಳ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಈ ಮಾತು ಕಿವಿಗೆ ಬೀಳುತ್ತದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: “ನಂಬಿ ಹೋಗೋ ಅಂಥ ಅಂಗಡಿ ಯಾವುದಣ್ಣ?” ಅಲ್ಲಿಗೆ ಮಾತು ನಿಲ್ಲುತ್ತದೆ. ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಾನೆ. ಒಬ್ಬ ಬೆಂಗಳೂರಿನ ಶಿವಾಜಿನಗರ ಅನ್ನುತ್ತಾನೆ, ಇನ್ನೊಬ್ಬ ಚೆನ್ನೈನ ಪುದುಪೇಟೆ ಅನ್ನುತ್ತಾನೆ, ಮತ್ತೊಬ್ಬ “ಎಲ್ಲಾ ಒಂದೇ, ಹಣೆಬರಹ ನೆಟ್ಟಗಿರಬೇಕು ಅಷ್ಟೆ” ಅನ್ನುತ್ತಾನೆ.

ಹಣೆಬರಹ ನಂಬಿ ಬ್ರೇಕ್ ಕೊಳ್ಳುವ ಸ್ಥಿತಿ ಬಂದಿದೆ ಎಂದರೆ, ಇದು ದುಡ್ಡಿದ್ದವರ ಮಕ್ಕಳ ಖಯಾಲಿ ಎಂದು ಕೈಬಿಡುವ ವಿಚಾರವಲ್ಲ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬಸ್ಸಿನ ಎದುರಿಗೆ ಬರುವ ಜಿಪ್ಸಿಯ ಬ್ರೇಕ್ ಡಿಸ್ಕ್ ಯಾವ ರಾಶಿಯಿಂದ ಎದ್ದು ಬಂದದ್ದು ಎಂದು ಬಸ್ಸಿನಲ್ಲಿ ಕೂತವನಿಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ಅವನ ಜೀವ ಆ ಡಿಸ್ಕಿನ ಮೇಲೇ ನಿಂತಿದೆ.

ಬೇಡಿಕೆ ಎಲ್ಲಿಂದ ಬಂತು?

ಜಿಪ್ಸಿ 1985ರಲ್ಲಿ ಮಾರುಕಟ್ಟೆಗೆ ಬಂತು. ಕಾಫಿ ತೋಟದ ಕೆಸರು ದಾರಿಗೆ ಹೇಳಿ ಮಾಡಿಸಿದಂಥ ಗಾಡಿ. 2019ರ ಹೊತ್ತಿಗೆ ಜನರಿಗೆ ಅದನ್ನು ಮಾರುವುದು ನಿಂತುಹೋಯಿತು. ಎಸ್ಟೀಮ್ 2007ರಲ್ಲಿ ನಿಂತಿತು. ಅದಕ್ಕೂ ಒಂದು ವರ್ಷ ಮುಂಚೆ ಹಳೇ ಜೆನ್ ನಿಂತಿತು. ಮೊದಲ ಹೋಂಡಾ ಸಿಟಿಗೆ ವಿ-ಟೆಕ್ ಎಂಜಿನ್ ಬಂದದ್ದು 2000ದಲ್ಲಿ. ಆ ಮಾಡೆಲ್ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು.

ಕಂಪನಿ ಕೈಬಿಟ್ಟರೂ ಮಲೆನಾಡು ಕೈಬಿಟ್ಟಿಲ್ಲ. ಈ ಗಾಡಿಗಳು ಹಗುರ. ಮೇಸ್ತ್ರಿ ಸ್ಪ್ಯಾನರ್ ಹಿಡಿದು ಬಿಚ್ಚಿ ಕೂರಿಸಬಹುದು. ರ್‍ಯಾಲಿ, ಆಟೋಕ್ರಾಸ್ ಎಂದರೆ ಪ್ರಾಣ ಬಿಡುವ ಹುಡುಗರಿಗೆ ಇವೇ ಬೇಕು. ಹೊಸ ಸಾಮಾನು ಸಿಕ್ಕದು, ಸಿಕ್ಕರೂ ಕೈಗೆಟುಕದು. ಗಟ್ಟಿ ಶಾಕ್ ಅಬ್ಸಾರ್ಬರ್, ದೊಡ್ಡ ಡಿಸ್ಕ್, ಅಲಾಯ್ ವೀಲ್, ಟರ್ಬೊ, ಪಿಕಪ್ ಹೆಚ್ಚಿಸುವ ಕ್ಯಾಮ್, ಎಲ್ಲಕ್ಕೂ ಉಳಿದಿರುವ ದಾರಿ ಒಂದೇ. ಅದು ಗುಜರಿ.

ಹಳೇ ಸಾಮಾನು ಕೊಳ್ಳುವುದು ತಪ್ಪೇನಲ್ಲ. ಒಳ್ಳೆಯ ಕಬ್ಬಿಣ ಕರಗಿ ಹೋಗುವ ಬದಲು ಇನ್ನೊಂದು ಗಾಡಿಗೆ ಆದರೆ ಲಾಭವೇ. ತಪ್ಪು ಇರುವುದು ಕೊಳ್ಳುವ ರೀತಿಯಲ್ಲಿ.

ಒಂದೇ ರಾಶಿ, ನಾಲ್ಕು ದಾರಿ

ಗುಜರಿ ಅಂಗಡಿಗೆ ಮಾಲು ನಾಲ್ಕು ದಾರಿಯಲ್ಲಿ ಬರುತ್ತದೆ. ಆಯಸ್ಸು ಮುಗಿದ ಗಾಡಿಯನ್ನು ಯಜಮಾನನೇ ಮಾರುವುದು ಒಂದು. ಅಪಘಾತದಲ್ಲಿ ನುಜ್ಜುಗುಜ್ಜಾದ ಗಾಡಿಯನ್ನು ವಿಮಾ ಕಂಪನಿ ಲೆಕ್ಕ ತೀರಿಸಿ ಹರಾಜು ಹಾಕಿಸುವುದು ಎರಡು. ರ್‍ಯಾಲಿ ಹುಡುಗರು ಇನ್ನೂ ಒಳ್ಳೆಯದು ಸಿಕ್ಕಿತೆಂದು ಬಿಚ್ಚಿ ಕೊಡುವುದು ಮೂರು. ನಾಲ್ಕನೆಯದು ಕದ್ದ ಗಾಡಿ.

ಡೀಸೆಲ್‌ನಲ್ಲಿ ತೊಳೆದು ಕಪಾಟಿನಲ್ಲಿಟ್ಟರೆ ನಾಲ್ಕೂ ಒಂದೇ ಥರ ಹೊಳೆಯುತ್ತವೆ. ಎಂಜಿನ್ನಿಗೆ ನಂಬರ್ ಇದೆ, ಚಾಸಿಗೆ ನಂಬರ್ ಇದೆ. ಶಾಕ್ ಅಬ್ಸಾರ್ಬರಿಗೆ, ಡಿಸ್ಕಿಗೆ, ಅಲಾಯ್ ವೀಲಿಗೆ ಆರ್.ಸಿ. ಎಲ್ಲಿದೆ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗೊತ್ತಿರುವ ಜನವೇ ಇಲ್ಲಿ ಹೊಳಪು ನೋಡಿ ಕೈಚೀಲ ಬಿಚ್ಚುತ್ತಾರೆ.

ಮೋಸದ ಮಾತುಗಳಿಗೂ ಒಂದು ಪಾಠಪಟ್ಟಿ ಇದ್ದ ಹಾಗಿದೆ. “ರ್‍ಯಾಲಿ ಗಾಡೀಲಿ ಇದ್ದದ್ದು ಸಾರ್.” “ಡಾಕ್ಟ್ರ ಗಾಡಿ, ಮನೆಗೂ ಆಸ್ಪತ್ರೆಗೂ ಬಿಟ್ರೆ ಎಲ್ಲೂ ಓಡಿಲ್ಲ.” “ಜಪಾನ್ ಮಾಲು, ಕಣ್ಮುಚ್ಚಿ ತಗೊಳಿ.” ರ್‍ಯಾಲಿ ಗಾಡಿಯಲ್ಲಿ ಇದ್ದದ್ದೇ ನಿಜವಾದರೆ ಅದು ಹೊಗಳಿಕೆ ಹೇಗಾಗುತ್ತದೆ? ಕಲ್ಲು ಗುಂಡಿಯಲ್ಲಿ ಹಾರಿ ಬಿದ್ದ ಸಾಮಾನು ಎಂದಲ್ಲವೆ ಅದರ ಅರ್ಥ?

ಬಿಲ್ಲಿನ ಕಥೆ

ಇಷ್ಟಕ್ಕೂ ಅಂಗಡಿಯವನೊಬ್ಬನೇ ಕಳ್ಳನೇ? ವ್ಯಾಪಾರದ ಕಟ್ಟೆಯ ಮೇಲೆ ಕೂತವರಿಗೆ ಸತ್ಯ ಗೊತ್ತಿದೆ.

ಒಬ್ಬ ಅಂಗಡಿಯವ ಪುಸ್ತಕ ಇಟ್ಟಿದ್ದಾನೆ ಅಂದುಕೊಳ್ಳಿ. ಯಾವ ಗಾಡಿಯಿಂದ ಬಿಚ್ಚಿದ್ದು, ಯಾರಿಂದ ಕೊಂಡದ್ದು, ಯಾವತ್ತು, ಎಲ್ಲ ಬರೆಯುತ್ತಾನೆ. ತೆರಿಗೆ ಕಟ್ಟುತ್ತಾನೆ. ಕಾಗದ ಸರಿ ಇಲ್ಲದ ಗಾಡಿಯನ್ನು ಮುಟ್ಟುವುದಿಲ್ಲ. ಹಾಗಾಗಿ ಅವನ ರೇಟು ಸ್ವಲ್ಪ ಮೇಲೆ. ಪಕ್ಕದ ಗಲ್ಲಿಯವನಿಗೆ ಪುಸ್ತಕವೂ ಇಲ್ಲ, ತೆರಿಗೆಯೂ ಇಲ್ಲ. ರೇಟು ಕೆಳಗೆ.

ಗಿರಾಕಿ ಬರುತ್ತಾನೆ. ಮೊದಲ ಮಾತೇ “ಬಿಲ್ ಬೇಡಣ್ಣ, ಒಂದಿಷ್ಟು ಕಡಿಮೆ ಮಾಡ್ಕೊ.” ಪುಸ್ತಕ ಇಟ್ಟವನು ಆಗಲ್ಲ ಅನ್ನುತ್ತಾನೆ. ಗಿರಾಕಿ ಪಕ್ಕದ ಗಲ್ಲಿಗೆ ಹೋಗುತ್ತಾನೆ. ಹೀಗೆ ತಿಂಗಳುಗಟ್ಟಲೆ ನಡೆದರೆ ಪುಸ್ತಕ ಇಟ್ಟವನು ಏನು ಮಾಡಬೇಕು? ಒಂದೋ ಬಾಗಿಲು ಹಾಕಬೇಕು, ಇಲ್ಲವೇ ಪುಸ್ತಕ ಮುಚ್ಚಬೇಕು. ಆಮೇಲೆ ಅದೇ ಗಿರಾಕಿ ಗ್ಯಾರೇಜಿನ ಮುಂದೆ ನಿಂತು ನಂಬಿಕಸ್ಥ ಅಂಗಡಿಯೇ ಇಲ್ಲ ಎಂದು ಗೋಳಾಡುತ್ತಾನೆ. ಇದ್ದ ಅಂಗಡಿಯನ್ನು ಓಡಿಸಿದವನು ತಾನೇ ಎನ್ನುವುದು ಅವನಿಗೆ ಹೊಳೆಯುವುದೇ ಇಲ್ಲ.

ಅಗ್ಗದಾಸೆಗೆ ಹೋಗಿ ಮುಗ್ಗಿದ ಜೋಳ ತಂದರು ಎಂಬ ಗಾದೆ ಇದಕ್ಕೇ ಹುಟ್ಟಿದೆ. ಗೇರ್‌ಬಾಕ್ಸ್ ತಂದು, ಕೂಲಿ ಕೊಟ್ಟು ಕೂರಿಸಿ, ಹದಿನೈದು ದಿನಕ್ಕೆ ಮೂರನೇ ಗೇರ್ ಹಾರತೊಡಗಿದರೆ ಯಾರನ್ನು ಕೇಳುವುದು? ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಕೈಯಲ್ಲಿ ಬಿಲ್ ಇದ್ದರೆ ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಅಲ್ಲಿ ಶುಲ್ಕವೂ ಇಲ್ಲ. ಬಿಲ್ಲೇ ಇಲ್ಲದವನು ಏನನ್ನು ತೋರಿಸುತ್ತಾನೆ, ಕೈಗೆ ಹತ್ತಿದ ಗ್ರೀಸನ್ನೆ?

ಒಳ್ಳೆಯ ಅಂಗಡಿಯ ಗುರುತು

ನಂಬಿಕಸ್ಥ ಅಂಗಡಿಗೆ ದೊಡ್ಡ ಬೋರ್ಡು ಬೇಕಿಲ್ಲ. ಗುರುತು ಬೇರೆಯೇ ಇದೆ.

ಯಾವ ಗಾಡಿಯಿಂದ ಬಿಚ್ಚಿದ್ದು ಎಂದು ಕೇಳಿದರೆ ಅವನು ಸಿಡುಕುವುದಿಲ್ಲ. ಕಾಗದ ತೋರಿಸುತ್ತಾನೆ. ಎಂಜಿನ್ ಕೊಟ್ಟರೆ ಅದರ ನಂಬರನ್ನು ಬಿಲ್ಲಿನಲ್ಲಿ ಬರೆಯುತ್ತಾನೆ. ಗಿರಾಕಿಯ ಮೇಸ್ತ್ರಿ ಬಂದು ಬಿಚ್ಚಿ ನೋಡುತ್ತೇನೆ ಎಂದರೆ ಸ್ಪ್ಯಾನರ್ ತಾನೇ ಕೊಡುತ್ತಾನೆ. ಇಷ್ಟು ದಿನದೊಳಗೆ ಕೆಟ್ಟರೆ ವಾಪಸು ತಗೋತೀನಿ ಎಂದು ಬರೆದು ಕೊಡುತ್ತಾನೆ. ಎಲ್ಲಕ್ಕಿಂತ ದೊಡ್ಡ ಗುರುತು: “ಇದು ನಿಮ್ಮ ಗಾಡಿಗೆ ಬೇಡ, ಹೊಸದೇ ತಗೊಳಿ” ಎಂದು ಹೇಳಿ ಬಂದ ವ್ಯಾಪಾರ ಬಿಡುತ್ತಾನೆ. ಅಂಥವನು ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಬಿಡಬಾರದು.

ಕೊಳ್ಳುವವನಿಗೂ ಕಣ್ಣಿರಬೇಕು. ಗೇರ್‌ಬಾಕ್ಸಿನ ಎಣ್ಣೆ ಇಳಿಸಿ ನೋಡಿದರೆ ಅರ್ಧ ಜಾತಕ ಅಲ್ಲೇ ಇದೆ. ಹಿತ್ತಾಳೆ ಪುಡಿ ಮಿನುಗಿದರೆ ಒಳಗಿನ ರಿಂಗುಗಳು ಸವೆದಿವೆ ಎಂದೇ ಲೆಕ್ಕ. ಹೆಡ್ ಮೇಲೆ ನೇರ ಪಟ್ಟಿ ಇಟ್ಟು ಅಡಿಯಲ್ಲಿ ಸಂದು ಇದೆಯೇ ನೋಡಬೇಕು. ಕಾದು ಬಾಗಿದ ಹೆಡ್ ಅಲ್ಲಿ ಸಿಕ್ಕಿಬೀಳುತ್ತದೆ. ಟರ್ಬೊ ಶಾಫ್ಟ್ ಹಿಡಿದು ಅಲ್ಲಾಡಿಸಬೇಕು. ಪಕ್ಕಕ್ಕೆ ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ. ಹಿಂದೆ ಮುಂದೆ ಆಡಿದರೆ, ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ, ಇಟ್ಟು ಎದ್ದು ಬರಬೇಕು. ಶಾಕ್ ಅಬ್ಸಾರ್ಬರ್ ಎಣ್ಣೆ ಒಸರಿದ್ದರೆ, ಅದರ ಕಂಬಿಯಲ್ಲಿ ತುಕ್ಕಿನ ಗುಳಿ ಇದ್ದರೆ ಪೇಂಟಿಗೆ ಮರುಳಾಗಬಾರದು. ಅಲಾಯ್ ವೀಲನ್ನು ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿ ತಿರುಗಿಸಬೇಕು. ಒಳಮೈಯಲ್ಲಿ ವೆಲ್ಡಿಂಗ್ ಮಾಡಿ ಬಣ್ಣ ಬಳಿದಿದ್ದರೆ ಘಾಟಿಯಲ್ಲಿ ಪ್ರಾಣಕ್ಕೆ ಎರವು. ಬ್ರೇಕ್ ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಕೊರೆದಿರುತ್ತದೆ. ಅಳೆದು ನೋಡಲು ಎರಡು ನಿಮಿಷ ಸಾಕು.

ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಹಲ್ಲು ಎಷ್ಟೇ ಎದ್ದು ಕಾಣಲಿ, ವಯಸ್ಸು ಅಲ್ಲಿದೆ.

ಇನ್ನು ಕೆಲವನ್ನು ಎಷ್ಟೇ ನಂಬಿಕಸ್ಥನ ಹತ್ತಿರವೂ ಹಳೆಯದು ಕೊಳ್ಳಬಾರದು. ಏರ್‌ಬ್ಯಾಗ್, ಅಪಘಾತ ಕಂಡ ಸೀಟ್ ಬೆಲ್ಟ್, ಬ್ರೇಕ್ ಪ್ಯಾಡ್, ಬ್ರೇಕ್ ಹೋಸ್. ಏರ್‌ಬ್ಯಾಗ್ ಒಂದು ಸಲ ಸಿಡಿದರೆ ಅದರ ಕೆಲಸ ಮುಗಿಯಿತು. ಹೊಲಿದು ಮಡಚಿ ಕೂರಿಸಿದರೆ ಅದು ಬರೀ ಬಟ್ಟೆ.

ಕಾನೂನು ಸುಮ್ಮನಿಲ್ಲ

ಸಾಮಾನು ಒಳ್ಳೆಯದೇ ಸಿಕ್ಕಿತು ಅನ್ನಿ. ರಸ್ತೆ ಮೇಲೆ ಓಡುವ ಗಾಡಿಗೆ ಮನಸ್ಸಿಗೆ ಬಂದದ್ದನ್ನು ಕೂರಿಸುವಂತಿಲ್ಲ. ಕಂಪನಿ ಮಾಡಿಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಎಂಜಿನ್ ಬದಲಿಸಿದರೆ ಆರ್.ಟಿ.ಓ. ಒಪ್ಪಿಗೆ ಪಡೆದು ಆರ್.ಸಿ. ತಿದ್ದಿಸಬೇಕು. ಸ್ಪರ್ಧೆಗೆಂದೇ ಸಿದ್ಧ ಮಾಡಿದ ಗಾಡಿಯ ಜಾಗ ಸ್ಪರ್ಧೆಯ ಹಾದಿ. ಅಲ್ಲಿ ಓಡುವ ಮೊದಲು ತಪಾಸಣೆ ಇದೆ. ಸಂತೆ ಬೀದಿಯಲ್ಲಿ ಅದಿಲ್ಲ.

ಬಿಲ್ ಬೇಡ ಅನ್ನುವವರು ಇನ್ನೊಂದು ಮಾತನ್ನೂ ತಿಳಿಯಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ, ಕದ್ದ ಮಾಲೆಂದು ತಿಳಿದೋ, ಹಾಗೆ ಅನುಮಾನಿಸಲು ಕಾರಣವಿದ್ದೂ ಕೊಂಡವನಿಗೆ 3 ವರ್ಷದವರೆಗೆ ಜೈಲು ಇದೆ. ಮಾರುಕಟ್ಟೆ ಬೆಲೆಯ ಕಾಲುಭಾಗಕ್ಕೆ, ರಾತ್ರಿ ಹೊತ್ತು, ಕಾಗದ ಇಲ್ಲದೆ ಕೊಂಡವನು “ನಂಗೇನು ಗೊತ್ತಿತ್ತು ಸ್ವಾಮಿ” ಅಂದರೆ ಠಾಣೆಯಲ್ಲಿ ಯಾರು ಕೇಳುತ್ತಾರೆ?

ಇಲಾಖೆಗಳು ಎಚ್ಚರವಾಗಲಿ

ಗಿರಾಕಿಗೆ ಬುದ್ಧಿ ಹೇಳಿದ ಮಾತ್ರಕ್ಕೆ ಸರ್ಕಾರದ ಹೊಣೆ ತೀರುವುದಿಲ್ಲ. ನಾಶವಾದ ಗಾಡಿಯ ವಿಷಯ ಯಜಮಾನ 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕೆಂದು ಕಾನೂನಿದೆ. ಮಾಡಿಸುವವರು ಎಷ್ಟು ಮಂದಿ? ಗಾಡಿ ಗುಜರಿಗೆ, ಆರ್.ಸಿ. ಇನ್ನೊಬ್ಬರ ಜೇಬಿಗೆ. ಆ ಆರ್.ಸಿ.ಗೆ ಕದ್ದ ಗಾಡಿಯನ್ನು ಹೊಂದಿಸಿ ಮಾರಿದ ಪ್ರಕರಣಗಳು ದೇಶದ ನಾನಾ ಕಡೆ ಪೊಲೀಸರಿಗೆ ಸಿಕ್ಕಿವೆ.

ನೋಂದಾಯಿತ ವಾಹನ ಗುಜರಿ ಕೇಂದ್ರಗಳ ನಿಯಮ 2021ರ ಸೆಪ್ಟೆಂಬರಿನಲ್ಲಿ ಬಂತು. ಅಂಥ ಕೇಂದ್ರ ಗಾಡಿ ಬಿಚ್ಚುವ ಮೊದಲು ಅದು ಕಳವಿನ ಪಟ್ಟಿಯಲ್ಲಿ ಇದೆಯೇ ಎಂದು ನೋಡಬೇಕು, ಯಜಮಾನನಿಗೆ ಸರ್ಟಿಫಿಕೇಟು ಕೊಡಬೇಕು. ನಿಯಮ ಚೆನ್ನಾಗಿದೆ. ಆದರೆ ಗಲ್ಲಿಯ ಅಂಗಡಿಗೂ ಆ ನಿಯಮಕ್ಕೂ ಮುಖ ಪರಿಚಯವೇ ಇಲ್ಲ. ಗಾಡಿ ಕಳುವಾದಾಗ ಮಾತ್ರ ಗುಜರಿಗೆ ನುಗ್ಗಿ ಎಲ್ಲರನ್ನೂ ಒಂದೇ ಲಾಠಿಯಲ್ಲಿ ಅಟ್ಟುವ ಬದಲು, ಪೊಲೀಸರೂ ಆರ್.ಟಿ.ಓ.ದವರೂ ಸೇರಿ ಅಂಗಡಿಗಳಿಗೆ ಒಂದೇ ಮಾದರಿಯ ಪುಸ್ತಕ ಕೊಡಲಿ. ಬಂದ ಗಾಡಿಯ ನಂಬರು, ಕೊಟ್ಟವನ ಗುರುತಿನ ಪತ್ರ, ಬಿಚ್ಚಿದ ಸಾಮಾನು, ಕೊಂಡವನ ಹೆಸರು. ಮೂರು ತಿಂಗಳಿಗೊಮ್ಮೆ ನೋಡಿ ಸಹಿ ಹಾಕಲಿ. ಸಹಿಗೆ ಮಾಮೂಲು ಕೇಳದಿರಲಿ. ಸರಿ ಇರುವ ಅಂಗಡಿಯ ಹೆಸರನ್ನು ಆರ್.ಟಿ.ಓ. ಕಚೇರಿಯ ಬೋರ್ಡಿನಲ್ಲಿ ಹಾಕಲಿ. ಅಲ್ಲಿಗೆ ನಂಬಿಕಸ್ಥ ಅಂಗಡಿ ಯಾವುದು ಎಂಬ ಪ್ರಶ್ನೆಗೆ ಉತ್ತರ ಗೋಡೆಯ ಮೇಲೇ ಸಿಗುತ್ತದೆ.

ಜಿ.ಎಸ್.ಟಿ. ನೋಂದಣಿ ಇರುವ ಅಂಗಡಿ 200 ರೂಪಾಯಿ ಮೇಲಿನ ವ್ಯಾಪಾರಕ್ಕೆ ಬಿಲ್ ಕೊಡಲೇಬೇಕು. ಇದು ಗುಜರಿಯವನಿಗೆ ಮಾತ್ರ ಹೇಳಿದ ಮಾತಲ್ಲ; ಬಟ್ಟೆ ಅಂಗಡಿಗೂ ಪಾತ್ರೆ ಅಂಗಡಿಗೂ ಸೇರಿದೆ. ತನ್ನ ಗಲ್ಲಾ ಪೆಟ್ಟಿಗೆಯಲ್ಲಿ ಬಿಲ್ ಪುಸ್ತಕಕ್ಕೆ ಧೂಳು ಹಿಡಿಸಿದ ವರ್ತಕ, ಮಗನ ಜಿಪ್ಸಿಗೆ ಸಾಮಾನು ತರಲು ಹೋದಾಗ ಮಾತ್ರ ಪ್ರಾಮಾಣಿಕತೆ ಹುಡುಕಿದರೆ ಅದು ಎಲ್ಲಿಂದ ಸಿಕ್ಕಬೇಕು?

ಗುಜರಿಯಲ್ಲಿ ಗೇರ್‌ಬಾಕ್ಸ್ ಸಿಗುತ್ತದೆ, ಡಿಸ್ಕ್ ಸಿಗುತ್ತದೆ. ನಂಬಿಕೆ ಮಾತ್ರ ರಾಶಿಯಲ್ಲಿ ಬಿದ್ದಿರುವುದಿಲ್ಲ. ಅದನ್ನು ಕೊಳ್ಳುವವನೂ ಮಾರುವವನೂ ಸೇರಿ ಕಾಗದದ ಮೇಲೆ ಬರೆಯಬೇಕು. ಮುಂದಿನ ಸಲ ಗಿರಾಕಿ ಅಂಗಡಿ ಮುಂದೆ ನಿಂತಾಗ ರೇಟು ಆಮೇಲೆ ಕೇಳಲಿ. ಮೊದಲು ಹೇಳಲಿ: “ಬಿಲ್ ಹಾಕಣ್ಣ.”