ಹಾಲಿಗೆ ಗಾಡಿ ಇದೆ, ಹಸುವಿಗೆ?

ಹೈನುಗಾರಿಕೆ ಸಾಲದ ಅರ್ಜಿಯನ್ನು ನೀವು ಯಾವತ್ತಾದರೂ ನೋಡಿದ್ದೀರಾ? ಹಸುವಿನ ಬೆಲೆ, ಕೊಟ್ಟಿಗೆ, ಮೇವು ಕತ್ತರಿಸುವ ಯಂತ್ರ, ಮೊದಲ ತಿಂಗಳ ಹಿಂಡಿ-ಬೂಸಾ, ವಿಮೆಯ ಕಂತು, ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಆ ಹಸು ಸಂತೆಯಿಂದ ಮನೆಗೆ ಹೇಗೆ ಬರುತ್ತದೆ, ಬಂದ ಮೇಲೆ ಡಾಕ್ಟರು ಸೂಜಿ ಚುಚ್ಚುವಾಗ ಅದನ್ನು ಯಾರು ಹಿಡಿಯುತ್ತಾರೆ ಎಂಬುದಕ್ಕೆ ಮಾತ್ರ ಸಾಲು ಇರುವುದಿಲ್ಲ. ನಾನು ಬಿ.ಕಾಂ. ಓದಿದವನು, ದನದ ಡಾಕ್ಟರಲ್ಲ. ಆದರೆ ಪುಣೆಗೆ ಬಂದ ಈ ಇಪ್ಪತ್ತೆಂಟು ವರ್ಷಗಳಲ್ಲಿ ಏಳು ವರ್ಷ ಹಳ್ಳಿ ಶಾಖೆಗಳಲ್ಲೇ ಕಳೆದಿದ್ದೇನೆ. ಎರಡರಿಂದ ಹತ್ತು ಹಸು ಸಾಕುವವರ ಲೆಕ್ಕದಲ್ಲಿ ಸೋರಿಕೆ ಎಲ್ಲಿದೆ ಅನ್ನುವುದು ಅಷ್ಟಿಷ್ಟು ಗೊತ್ತಾಗಿದೆ.

ಕೇಂದ್ರ ಸರ್ಕಾರದ್ದೊಂದು ಹೈನುಗಾರಿಕೆ ಉದ್ಯಮಶೀಲತೆ ಯೋಜನೆ ಇತ್ತು. 2010ರಲ್ಲಿ ಶುರುವಾಗಿದ್ದು, ಈಗ ನಿಂತಿದೆ. ನಬಾರ್ಡ್ ಮೂಲಕ ಶೇ. 25, ಪರಿಶಿಷ್ಟರಿಗೆ ಶೇ. 33.33 ಸಹಾಯಧನ ಬರುತ್ತಿತ್ತು. ಹಸುವಿಗೆ ಸಿಗುತ್ತಿತ್ತು, ಹಾಲು ಕರೆಯುವ ಯಂತ್ರಕ್ಕೆ ಸಿಗುತ್ತಿತ್ತು, ಎರೆಗೊಬ್ಬರಕ್ಕೂ ಸಿಗುತ್ತಿತ್ತು. ಹಾಲಿನ ಪದಾರ್ಥಗಳನ್ನು ತಣ್ಣಗಿಟ್ಟು ಸಾಗಿಸುವ ಗಾಡಿಗೂ ಇತ್ತು! ಹಸುವನ್ನೇ ಸಾಗಿಸುವ ಗಾಡಿಯ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಕರಗುವ ಐಸ್‌ಕ್ರೀಮಿನ ಬಗ್ಗೆ ಇದ್ದ ಕಾಳಜಿ ಕಾಲು ಮುರಿಯುವ ಹಸುವಿನ ಬಗ್ಗೆ ಇರಲಿಲ್ಲ ಅಂತ ನಾನು ಅಂದರೆ ನನ್ನ ಮೇಲಧಿಕಾರಿಗಳು ನಗುತ್ತಿದ್ದರು.

ಕಾಲು ಮುರಿಯುವುದು ಅಂದೆ. ನಮ್ಮ ಶಾಖೆಯ ಒಬ್ಬ ಸಾಲಗಾರರು ಸಂತೆಯಲ್ಲಿ ಎರಡನೇ ಸೂಲಿನ ಎಚ್.ಎಫ್. ಹಸು ಕೊಂಡು ಪಿಕಪ್ಪಿನಲ್ಲಿ ತಂದರು. ಮನೆ ಮುಂದೆ ಇಳಿಸಲು ಇಳಿಜಾರು ಇರಲಿಲ್ಲ. ಒಂದು ಹಲಗೆ ಇಟ್ಟರು, ಹಲಗೆ ಜಾರಿತು, ಹಸು ಹಾರಿತು. ಹಿಂಗಾಲಿನ ಮೂಳೆ ಹೋಯಿತು. ವಿಮೆ ಇತ್ತಲ್ಲ ಅನ್ನುತ್ತೀರಿ. ಸಾಧಾರಣ ಪಾಲಿಸಿ ಕೊಡುವುದು ಹಸು ಸತ್ತರೆ. ಬದುಕಿದ್ದು ನಿರುಪಯೋಗಿಯಾದರೆ, ಅಂದರೆ ಶಾಶ್ವತ ಊನಕ್ಕೆ, ಬೇರೆ ಪ್ರೀಮಿಯಂ ಕಟ್ಟಿರಬೇಕು. ಅವರು ಕಟ್ಟಿರಲಿಲ್ಲ. ಮೊದಲ ಕಂತು ಬರುವ ಮೊದಲೇ ಹಸು ಮಲಗಿತ್ತು.

ಹಿಂದೆಲ್ಲ ನಡೆಸಿಕೊಂಡೇ ಬರುತ್ತಿದ್ದರಲ್ಲ, ಘಾಟಿ ಜಾತ್ರೆಗೆ, ಸಿದ್ಧಗಂಗೆ ಜಾತ್ರೆಗೆ ಎತ್ತುಗಳು ಲಾರಿಯಲ್ಲಿ ಹೋಗುತ್ತಿದ್ದವೇ ಅಂತ ಕೇಳುವವರಿದ್ದಾರೆ. ಅವು ನಾಟಿ ದನ ಸ್ವಾಮಿ, ದಾರಿ ಸವೆಸಿ ಅಭ್ಯಾಸವಾದವು. 2019ರ ಜಾನುವಾರು ಗಣತಿ ತೆಗೆದು ನೋಡಿ. ಹಿಂದಿನ ಗಣತಿಗಿಂತ ದೇಶದಲ್ಲಿ ನಾಟಿ ತಳಿಗಳು ಶೇ. 6 ಇಳಿದಿವೆ, ವಿದೇಶಿ ಮತ್ತು ಮಿಶ್ರತಳಿ ಸುಮಾರು ಶೇ. 27 ಏರಿವೆ. ನಾನೂರು, ಐನೂರು ಕಿಲೋ ತೂಗುವ, ಕೆಚ್ಚಲು ಜೋತಾಡುವ ಸೀಮೆ ಹಸುವನ್ನು ಇಪ್ಪತ್ತು ಕಿಲೋಮೀಟರು ಟಾರು ರಸ್ತೆಯಲ್ಲಿ ನಡೆಸಿ ನೋಡೋಣ!

ದನ ಬದಲಾದ ಹಾಗೆ ದನ ಹಿಡಿಯುವವರೂ ಬದಲಾದರು. ಚನ್ನರಾಯಪಟ್ಟಣದ ಕಡೆ ನಮ್ಮ ಅಕ್ಕನ ಮನೆಯಲ್ಲಿ ನಾಲ್ಕು ಹಸು ಇವೆ. ಅಕ್ಕನಿಗೆ ಅರವತ್ತೆರಡು, ಭಾವನಿಗೆ ಮಂಡಿ ನೋವು, ಮಗ ಬೆಂಗಳೂರು, ತಮ್ಮ (ಅಂದರೆ ನಾನು) ಪುಣೆ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಬರುತ್ತದೆ. ಕೃತಕ ಗರ್ಭಧಾರಣೆ, ಗರ್ಭ ಪರೀಕ್ಷೆ, ಚರ್ಮಗಂಟು ರೋಗ ಬಂದಾಗಿನ ಚಿಕಿತ್ಸೆ ಬೇರೆ. "ಲೋ, ಡಾಕ್ಟ್ರು ಬತ್ತಾರೆ ಕಣೋ, 1962ಕ್ಕೆ ಫೋನ್ ಮಾಡುದ್ರೆ ಗಾಡೀನೂ ಬತ್ತದೆ. ಹಿಡ್ಕಳಾಕೆ ಯಾರವ್ರೆ ಹೇಳು?" ಅಂದಳು. ಹೌದಲ್ಲ! ಮೂಗುದಾರ ಹಿಡಿದು ಕತ್ತು ತಿರುಚಿ ನಿಲ್ಲಿಸಲು ಊರಿನಲ್ಲಿ ಗಟ್ಟಿ ಆಳುಗಳು ಉಳಿದಿಲ್ಲ.

ಇದಕ್ಕೆ ಬೇಕಾದದ್ದು ಒಂದು ಟ್ರೆವಿಸ್. ಪಶು ಆಸ್ಪತ್ರೆಯ ಮುಂದೆ ನಾಲ್ಕು ಕಂಬ ನೆಟ್ಟು ಅಡ್ಡ ಪೈಪು ಹಾಕಿರುತ್ತಾರಲ್ಲ, ಅದೇ. ಇಲ್ಲಿ ಮರಾಠಿಯವರು ಖೋಡಾ ಅನ್ನುತ್ತಾರೆ. ಎರಡೂವರೆ ಅಡಿ ಅಗಲ, ಆರಡಿ ಉದ್ದ, ಹಿಂದೆ ಮುಂದೆ ಸರಿಸುವ ಎರಡು ಪೈಪು, ಕೆಳಗೆ ಜಾರದಂಥ ಒರಟು ನೆಲ. ಊರಿನ ವೆಲ್ಡಿಂಗ್ ಅಂಗಡಿಯವನು ಮಾಡಿಕೊಡುತ್ತಾನೆ. ಒಂದು ಒಳ್ಳೆಯ ಹಸುವಿನ ಬೆಲೆಯ ಕಾಲು ಭಾಗದ ಆಸುಪಾಸು ಆದೀತು. ಕಿಸಾನ್ ಕ್ರೆಡಿಟ್ ಕಾರ್ಡು 2019ರಿಂದ ಪಶುಪಾಲನೆಗೂ ಸಿಗುತ್ತದಾದರೂ ಅದು ಮೇವು, ಔಷಧಿಯಂಥ ದಿನದ ಖರ್ಚಿಗೆ. ಕಂಬ ನೆಡಲು ಅವಧಿ ಸಾಲದಲ್ಲೇ ಸೇರಿಸಬೇಕು. ಕೊಟ್ಟಿಗೆಯ ಅಂದಾಜು ಪಟ್ಟಿಯಲ್ಲಿ ಒಂದೇ ಒಂದು ಸಾಲು ಸೇರಿಸಿದರಾಯಿತು, ಅದಕ್ಕೆ ದೆಹಲಿಯಿಂದ ಸುತ್ತೋಲೆ ಬರಬೇಕೇ?

ಗಾಡಿಯ ವಿಷಯ ಸ್ವಲ್ಪ ಕಷ್ಟ. ಒಬ್ಬ ಹುಡುಗ ಮೊಬೈಲಿನಲ್ಲಿ ಅಮೆರಿಕದ ಟ್ರೇಲರಿನ ವಿಡಿಯೋ ತೋರಿಸಿ "ಸರ್, ಇಂಥದ್ದಕ್ಕೆ ಸಾಲ ಕೊಡಿ" ಅಂದಿದ್ದ. ಅವನ ನಾಲ್ಕು ಹಸು ಮಾರಿದರೂ ಅದರ ಗಾಲಿ ಬಂದೀತೋ ಇಲ್ಲವೋ! ನಮ್ಮಲ್ಲಿರುವ ಟ್ರ್ಯಾಕ್ಟರ್ ಟ್ರೇಲರಿನ ತಳ ತೀರಾ ಎತ್ತರ. ಉಳಿದದ್ದು ಪಿಕಪ್. ಅದಕ್ಕೂ ಕಾನೂನಿದೆ. 1978ರ ಪ್ರಾಣಿ ಸಾಗಣೆ ನಿಯಮಗಳು ಮಾಮೂಲಿ ಗಾಡಿಯ ತಳಕ್ಕೆ ನಾರಿನ ಚಾಪೆಯೋ ಹಲಗೆಯೋ ಹಾಕಿ, ಜೊತೆಗೊಬ್ಬ ಆಳಿರಲಿ, ಪಶುವೈದ್ಯರ ಪ್ರಮಾಣಪತ್ರ ಇರಲಿ ಅನ್ನುತ್ತವೆ. 2016ರಿಂದ ಜಾರಿಯಾದ ಮೋಟಾರು ವಾಹನ ನಿಯಮ ಒಂದು ಹಸುವಿಗೆ ಎರಡು ಚದರ ಮೀಟರ್ ಜಾಗ, ನಡುವೆ ತಡೆ ಬೇಕು ಅನ್ನುತ್ತದೆ. ಒಂಬತ್ತಡಿಗೆ ಐದೂವರೆ ಅಡಿಯ ಪಿಕಪ್ಪಿನಲ್ಲಿ ಎರಡೇ ಹಸು. ಹಸುವಿನ ದೃಷ್ಟಿಯಿಂದ ನ್ಯಾಯವೇ. ಆದರೆ ಬಾಡಿಗೆಯನ್ನು ನಾಲ್ಕು ಜನ ಹಂಚಿಕೊಳ್ಳುತ್ತಿದ್ದದ್ದು ಇಬ್ಬರ ಮೇಲೆ ಬೀಳುತ್ತದೆ, ಹಾಗಾಗಿ ನಿಯಮ ಕಾಗದದಲ್ಲೇ ಉಳಿಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ ಗಾಡಿ ಒಬ್ಬೊಬ್ಬರದ್ದಾಗಬಾರದು, ಊರಿನ ಹಾಲು ಉತ್ಪಾದಕರ ಸಂಘದ್ದಾಗಬೇಕು. ಹಳೆಯ ಪಿಕಪ್ಪೇ ಸಾಕು. ಚಾಪೆ, ನಡುವೆ ಒಂದು ತಡೆ, ಎತ್ತರದ ಪಕ್ಕೆಗಳನ್ನು ಕೂಡಿಸಿದರೆ ಆಯಿತು. ಸಂಘದ ಅಂಗಳದಲ್ಲೊಂದು ಮಣ್ಣಿನ ದಿಬ್ಬ ಬೇಕು. ದನಗಳ ಸ್ವಭಾವವನ್ನೇ ಜೀವಮಾನವಿಡೀ ಅಭ್ಯಾಸ ಮಾಡಿದ ಅಮೆರಿಕದ ಟೆಂಪಲ್ ಗ್ರಾಂಡಿನ್ ಅನ್ನುವ ವಿದುಷಿ ಇಳಿಜಾರು ಇಪ್ಪತ್ತು ಡಿಗ್ರಿ ಮೀರಬಾರದು ಅನ್ನುತ್ತಾರೆ. ಎರಡೂವರೆ ಅಡಿ ಎತ್ತರಕ್ಕೆ ಕಡೇಪಕ್ಷ ಏಳಡಿ ಉದ್ದ ಅಂತಾಯಿತು. ಪಕ್ಕ ಮುಚ್ಚಿರಬೇಕು, ನೆರಳು-ಬಿಸಿಲಿನ ಪಟ್ಟೆ ಕಂಡರೆ ಹಸು ಅಲ್ಲೇ ನಿಲ್ಲುತ್ತದೆ ಅಂತಲೂ ಅವರೇ ಹೇಳಿದ್ದಾರೆ. ಈ ದಿಬ್ಬಕ್ಕೆ ಬ್ಯಾಂಕಿನ ಸಾಲವೂ ಬೇಡ, ನಾಲ್ಕು ಟ್ರ್ಯಾಕ್ಟರ್ ಮಣ್ಣು, ಎರಡು ಸಾಲು ಕಲ್ಲು ಸಾಕು.

ಸಂಘದವರ ಹತ್ತಿರ ಈ ಮಾತು ಎತ್ತಿದಾಗ ಬಂದ ಆಕ್ಷೇಪ ಗಾಡಿಯ ಬೆಲೆಯದ್ದಲ್ಲ. ಸಂತೆ ಇಲ್ಲದ ದಿನ ಡ್ರೈವರಿನ ಸಂಬಳ ಯಾರು ಕೊಡಬೇಕು ಅನ್ನುವುದು. ಅದೇ ಗಾಡಿಯಲ್ಲಿ ಹಿಂಡಿ ತರಿಸಿ ಅಂದೆ. ಹಸುವಿನ ಜೊತೆ ಬೇರೆ ಸರಕು ಹೇರುವಂತಿಲ್ಲ ಅಂತ ಅದೇ 1978ರ ನಿಯಮ ಹೇಳುತ್ತದೆ, ಹಸು ಇಲ್ಲದ ದಿನ ತರುವುದಕ್ಕೇನು ಅಡ್ಡಿ? "ತೊಳೀಬೇಕಲ್ಲ ಸರ್" ಅಂದರು ಕಾರ್ಯದರ್ಶಿ. ತೊಳೆಯುವವರ ಕೂಲಿಯನ್ನೂ ಸೇರಿಸಿ ಅವರು ಲೆಕ್ಕ ಹಾಕುತ್ತಿದ್ದಾರೆ.